ಅಂಬಲಿ ಕುಡಿದ ಗಣಕ ಭವನ

ನಾನು ಒಡೆದಷ್ಟು ಕಾಂಕ್ರೀಟನ್ನು ಭೂಕಂಪಗಳೂ ಒಡೆದಿಲ್ಲ. ಬೆಣ್ಣಿಹಳ್ಳ ವಿಶ್ವವಿದ್ಯಾಲಯದ ಸಿವಿಲ್ ಪ್ರಯೋಗಾಲಯದಲ್ಲಿ ಮೂವತ್ನಾಲ್ಕು ವರ್ಷ ಅಟೆಂಡರ್ ಆಗಿದ್ದು, ಒತ್ತುಯಂತ್ರದ ಬಾಯಿಗೆ ಕಾಂಕ್ರೀಟಿನ ಘನಗಳನ್ನು ಕೊಟ್ಟು ಕೊಟ್ಟು ಪುಡಿ ಮಾಡಿಸಿದ್ದೇನೆ. ಅವನ್ನೆಲ್ಲ ಒಂದರ ಮೇಲೊಂದು ಪೇರಿಸಿದ್ದರೆ ಚಂದ್ರನವರೆಗೆ ಮೆಟ್ಟಿಲಾಗುತ್ತಿತ್ತು. ಇಳಿದು ಬರಲು ಇನ್ನೊಂದು ಸಾಲು ಕಟ್ಟುವಷ್ಟು ಮಿಗುತ್ತಿತ್ತು. ಘನವನ್ನು ಬೆರಳಿನಿಂದ ಒಮ್ಮೆ ತಟ್ಟಿ, ಅದು ಎಷ್ಟು ಭಾರಕ್ಕೆ ಒಡೆಯುತ್ತದೆಂದು ಹೇಳುವವನು ನಾನು. ಯಂತ್ರ ಆಮೇಲೆ ನನ್ನ ಮಾತನ್ನು ಒಪ್ಪಿಕೊಳ್ಳುತ್ತಿತ್ತು. ಒಪ್ಪದ ದಿನ ಯಂತ್ರವನ್ನು ರಿಪೇರಿಗೆ ಕಳಿಸುತ್ತಿದ್ದೆವು.

ಇಂಥ ನನ್ನ, ಈ ಗದಿಗೆಪ್ಪನ ಎದುರಿಗೆ, ಕಟ್ಟಡಗಳ ಆಯುಷ್ಯ ಹೇಳುತ್ತೇನೆಂದು ಒಂದು ಡಬ್ಬಿ ಬಂದು ಕೂತರೆ ಸಿಟ್ಟು ಬರದೆ ಇನ್ನೇನು ಬಂದೀತು?

ಅದರ ಹೆಸರು ಆಯುರ್ಮಾಪಕ. ವಿದ್ಯೆ ಸರಳ. ಗಟ್ಟಿ ತಂಬಿಗೆಯನ್ನು ತಟ್ಟಿದರೆ ಒಂದು ನಾದ ಬರುತ್ತದೆ. ಸೀಳಿದ ತಂಬಿಗೆಯನ್ನು ತಟ್ಟಿದರೆ ಇಳಿದ, ಮಂಕು ನಾದ ಬರುತ್ತದೆ. ಕಟ್ಟಡವೂ ಒಂದು ದೊಡ್ಡ ತಂಬಿಗೆಯೇ. ಯಂತ್ರದ ನಾಲ್ಕು ಪಾದಗಳನ್ನು ಕಟ್ಟಡದ ನಾಲ್ಕು ಮೂಲೆಗಳಿಗೆ ಕಚ್ಚಿಸುತ್ತಾರೆ. ಚಹಾದ ಕಪ್ಪಿನಲ್ಲಿ ಅಲೆ ಏಳದಷ್ಟು ಹಗುರಾಗಿ ಅದು ಗೋಡೆಗಳನ್ನು ತಟ್ಟುತ್ತದೆ, ಕಿವಿಗೊಡುತ್ತದೆ, ಒಳಗಿನ ಬಿರುಕುಗಳ ಲೆಕ್ಕ ಹಾಕಿ ಒಂದು ಅಂಕಿ ಹೇಳುತ್ತದೆ. ಅಷ್ಟು ವರ್ಷ ಆ ಕಟ್ಟಡ ನಿಲ್ಲುತ್ತದೆ ಎಂದರ್ಥ. ಅಂಕಿ ಹತ್ತಕ್ಕಿಂತ ಕಡಿಮೆ ಬಂದರೆ ತೊಂಬತ್ತು ದಿನದಲ್ಲಿ ಕೆಡವಬೇಕೆಂದು ಕಾನೂನು.

ಎರಡು ಸಾವಿರದ ನಲವತ್ತರ ಹೊತ್ತಿಗೆ ರಾಜ್ಯದ ಪ್ರತಿಯೊಂದು ಬಾಗಿಲ ಮೇಲೂ ಈ ಅಂಕಿಯ ತಗಡು ಬಂತು. ಜನ ಎಲ್ಲದಕ್ಕೂ ಹೊಂದಿಕೊಳ್ಳುತ್ತಾರೆ, ಇದಕ್ಕೂ ಹೊಂದಿಕೊಂಡರು. ಹೆಣ್ಣು ಕೊಡುವ ಮೊದಲು ಹುಡುಗನ ಜಾತಕ ಕೇಳುವುದನ್ನು ಬಿಟ್ಟು ಮನೆಯ ಅಂಕಿ ಕೇಳತೊಡಗಿದರು. ಎಂಬತ್ತರ ಮನೆಯವರು ಕಾಲ ಮೇಲೆ ಕಾಲು ಹಾಕಿ ಕೂತರು. ಹನ್ನೆರಡರ ಮನೆಯವರು ಸಂಜೆ ಬಾಗಿಲ ದೀಪ ಹಚ್ಚುವುದನ್ನೇ ಬಿಟ್ಟರು. ನಮ್ಮ ಓಣಿಯಲ್ಲಿ ಒಬ್ಬಾಕೆ ಒಂಬತ್ತರ ಮನೆಯಲ್ಲಿ ಸೀನುವಾಗಲೂ ಹೊರಗೆ ಬಂದು ಸೀನುತ್ತಿದ್ದಳು.

ಇನ್ನು ನಮ್ಮ ಗಣಕ ಭವನದ ಮಾತು. ಸಾವಿರದ ಒಂಬೈನೂರ ಎಪ್ಪತ್ತೊಂದರಲ್ಲಿ ಅದನ್ನು ಕಟ್ಟಿದ್ದು ಒಂದೇ ಒಂದು ಗಣಕಯಂತ್ರಕ್ಕಾಗಿ. ಹದಿನಾರು ಎಮ್ಮೆಗಳಷ್ಟು ಗಾತ್ರದ ಯಂತ್ರವಂತೆ. ಬುದ್ಧಿ ಮಾತ್ರ ಇಂದಿನ ಒಂದು ಕೈಗಡಿಯಾರದಷ್ಟಿರಲಿಲ್ಲ. ಅದಕ್ಕೆ ಸೆಕೆ ಆಗಬಾರದೆಂದು ಕಟ್ಟಡದ ಪಡುವಣ ಗೋಡೆಯನ್ನೆಲ್ಲ ಕಾಂಕ್ರೀಟಿನ ಜಾಲಂದ್ರ ಮಾಡಿದ್ದರು. ಅಂಗೈಯಗಲದ ಸಾವಿರಾರು ಕಿಂಡಿಗಳು, ಸಾಲು ಸಾಲಿನ ಕೆಳಗೆ ನೀರು ಹರಿಯಲು ಸಣ್ಣ ಕಾಲುವೆಗಳು. ಗಾಳಿ ಆ ಒದ್ದೆ ಕಿಂಡಿಗಳಲ್ಲಿ ನುಸುಳಿ ತಣ್ಣಗಾಗಿ ಒಳಗೆ ಬರುತ್ತಿತ್ತು. ಸೂರು ಕಾಗದವನ್ನು ಮಡಚಿ ಬಿಡಿಸಿದಂತೆ ಏರಿಳಿತದ್ದು, ನಡುವೆ ಒಂದೂ ಕಂಬವಿಲ್ಲ. ಗೋಡೆಗಳಿಗೆ ಗಾರೆಯ ಗಿಲಾಯಿಯಿಲ್ಲ, ಬಣ್ಣವಿಲ್ಲ. ಎರಕ ಹೊಯ್ದಾಗಿನ ಹಲಗೆಗಳ ಗೆರೆ, ಗಂಟು, ಮೊಳೆಯ ಗುರುತು ಎಲ್ಲವೂ ಹಾಗೇ ಅಚ್ಚಾಗಿ ಉಳಿದಿದ್ದವು. ಯಂತ್ರವನ್ನು ಉರುಳಿಸಿ ಒಯ್ಯಲೆಂದು ಮೆಟ್ಟಿಲ ಬದಲು ಉದ್ದನೆಯ ಇಳಿಜಾರು ದಾರಿ. ಇಂಥ ಕಟ್ಟಡ ಪ್ರಪಂಚದಲ್ಲಿ ಇನ್ನೊಂದಿಲ್ಲ. ಇದ್ದರೆ ಅದು ನಮ್ಮದನ್ನು ನೋಡಿ ಕದ್ದದ್ದು.

ಯಂತ್ರಗಳು ಸಣ್ಣಗಾದವು, ಭವನ ಖಾಲಿಯಾಯಿತು. ಸ್ವಲ್ಪ ವರ್ಷ ಪಾರಿವಾಳಗಳು ಇದ್ದವು, ಸ್ವಲ್ಪ ವರ್ಷ ಹಳೆಯ ಉತ್ತರ ಪತ್ರಿಕೆಗಳು. ಎರಡು ಸಾವಿರದ ಮೂವತ್ತೈದರಲ್ಲಿ ಹಾಸ್ಟೆಲಿನಲ್ಲಿ ಜಾಗ ಸಿಗದ ಹೆಣ್ಣುಮಕ್ಕಳು ಬೀಗ ಒಡೆದು ಒಳಗೆ ಹೋದರು. ಬೀಗ ಒಡೆಯುವ ಸುತ್ತಿಗೆ ಕೊಟ್ಟವರು ಯಾರೆಂದು ವಿಚಾರಣೆಯಾಯಿತು. ಇಂದಿಗೂ ಪತ್ತೆಯಾಗಿಲ್ಲ, ನಾನೂ ಹೇಳುವುದಿಲ್ಲ. ಗಣಕಯಂತ್ರದ ಹಜಾರದಲ್ಲಿ ಮಂಚಗಳು ಬಂದವು. ಕೇಬಲ್ ಓಡಿಸಲು ಮಾಡಿದ್ದ ಪೊಳ್ಳು ನೆಲದಡಿ ಟ್ರಂಕುಗಳು ಹೋದವು. ಗಣಕಕ್ಕೆ ಲೆಕ್ಕ ಉಣಿಸುತ್ತಿದ್ದ ತೂತಿನ ಕಾರ್ಡುಗಳ ಕೋಣೆ ಓದುವ ಕೋಣೆಯಾಯಿತು. ಇಳಿಜಾರಿನಲ್ಲಿ ಸಂಡಿಗೆ ಒಣಗಿದವು. ಅದೇ ಇಳಿಜಾರಿನಲ್ಲಿ ಗಾಲಿಕುರ್ಚಿಯ ಹುಡುಗಿಯೊಬ್ಬಳು ಯಾರ ಕೈಯನ್ನೂ ಹಿಡಿಯದೆ ಮೇಲಿನ ಮಹಡಿಗೆ ಹೋಗುತ್ತಿದ್ದಳು. ಹನ್ನೊಂದು ವರ್ಷದಲ್ಲಿ ಅದು ನೂರಾ ಹದಿನೆಂಟು ಹುಡುಗಿಯರ ಮನೆಯಾಗಿತ್ತು.

ಕಟ್ಟಡಕ್ಕೆ ಎಪ್ಪತ್ತೈದು ತುಂಬಿದ ವರ್ಷ ಆಯುರ್ಮಾಪಕ ಬಂತು. ಇಪ್ಪತ್ತನಾಲ್ಕು ಗಂಟೆ ತಟ್ಟಿತು. ಅಂಕಿ: ನಾಲ್ಕು.

ಆ ಜಾಗದಲ್ಲಿ ಹನ್ನೆರಡು ಅಂತಸ್ತಿನ ಗಾಜಿನ ಕಟ್ಟಡ ಬರಬೇಕೆಂದು ಕುಲಪತಿಗಳಿಗೆ ಆಸೆಯಿತ್ತು. ಅವರು ನೋಟಿಸನ್ನು ತಾವೇ ತಂದರು. ಇಳಿಜಾರಿನ ಬುಡದಲ್ಲಿ ನಿಂತು ಓದಿದರು. ಕಾನೂನು ಓದುತ್ತಿದ್ದ ಅಂಬಿಕಾ ಲಮಾಣಿ ಹುಡುಗಿಯರ ಮುಂದೆ ನಿಂತಿದ್ದಳು.

"ನಾವ್ ಎಲ್ಲಿಗೆ ಹೋಗೂದ್ರೀ ಸರ್?"

"ಮನಿಯೊಳಗ ಕೂತ ಕಲೀರವ್ವಾ. ಈಗ ಪಾಠ ಎಲ್ಲಾ ಪರದೆ ಮ್ಯಾಲೆ ಬರ್ತಾವು."

"ಮನಿಯೊಳಗ ಕೂತ್ರ ಪಾಠ ಬರೂದಿಲ್ರೀ ಸರ್. ವರ ಬರ್ತಾವು."

ಹಿಂದಿನಿಂದ ಯಾರೋ ಕಿಸಕ್ಕೆಂದರು. ಅಂಬಿಕಾ ನಗಲಿಲ್ಲ. ಅವಳ ಅಕ್ಕಂದಿರಿಬ್ಬರೂ ಹಾಗೆ ಪರದೆಯ ಮುಂದೆ ಕೂತು, ಎರಡನೆಯ ತಿಂಗಳಿಗೆ ಪರದೆ ಮುಚ್ಚಿ, ಮೂರನೆಯ ತಿಂಗಳಿಗೆ ತಾಳಿ ಕಟ್ಟಿಸಿಕೊಂಡವರು. "ಕಾನೂನಿನ್ಯಾಗ ತೊಂಬತ್ತ ದಿನದೊಳಗ ಇನ್ನೊಂದ್ ಸರ್ತಿ ಪರೀಕ್ಷೆ ಕೇಳಬಹುದಂತ ಐತ್ರಿ. ಕೇಳಾಕತ್ತೀವಿ," ಎಂದಳು.

"ಕೇಳ್ರಿ. ನಾಲ್ಕ ಇದ್ದದ್ದು ಮೂರ್ ಆಗ್ತದ ಅಷ್ಟ."

ಆ ಮಾತು ನನಗೆ ತಾಕಿತು. ನೇರವಾಗಿ ಪ್ರೊಫೆಸರ್ ಮೆಹರುನ್ನಿಸಾ ಕಿತ್ತೂರರ ಪ್ರಯೋಗಾಲಯಕ್ಕೆ ಹೋದೆ. ಈ ಮೇಡಂ ಒಂದು ಬಗೆಯ ಸೂಕ್ಷ್ಮಜೀವಿಯನ್ನು ಸಾಕಿದ್ದರು. ಅದು ಕಲ್ಲಿನೊಳಗೆ ಬೀಜದ ಹಾಗೆ ಎಷ್ಟು ವರ್ಷ ಬೇಕಾದರೂ ಮಲಗಿರುತ್ತದೆ. ನೀರು, ಗಾಳಿ, ಆಹಾರ ಸಿಕ್ಕರೆ ಎದ್ದು, ತಿಂದು, ಸುಣ್ಣಕಲ್ಲನ್ನು ಉಗುಳಿ ಬಿರುಕನ್ನು ಮುಚ್ಚುತ್ತದೆ. ನಾನೇ ಸೀಳಿಕೊಟ್ಟ ಘನವೊಂದನ್ನು ಅದು ಇಪ್ಪತ್ತೊಂದು ದಿನದಲ್ಲಿ ಎಷ್ಟು ಚೆನ್ನಾಗಿ ಬೆಸೆದಿತ್ತೆಂದರೆ, ಎರಡನೆಯ ಸಲ ಒಡೆಯಲು ಹೋದ ಒತ್ತುಯಂತ್ರ ಬೆವರಿತ್ತು.

"ಮೇಡಂ, ನಿಮ್ಮ ಹುಳ ಭವನದ ಗ್ವಾಡಿಗೆ ಬಿಡೂಣ," ಎಂದೆ.

"ಘನ ಬ್ಯಾರೆ, ಭವನ ಬ್ಯಾರೆ ಗದಿಗೆಪ್ಪ. ಅಷ್ಟ ದೊಡ್ಡ ಗ್ವಾಡಿ ನಾ ಎಂದೂ ಮಾಡಿಲ್ಲ."

"ನೀವ್ ಮಾಡಿಲ್ಲ. ನಾ ಅದೀನಲ್ಲ."

ಮೇಡಂಗೆ ಧೈರ್ಯ ಬಂತೋ ಬೇರೆ ದಾರಿ ಕಾಣಲಿಲ್ಲವೋ, ಒಪ್ಪಿದರು.

ಬಿರುಕುಗಳಿಗೆ ಔಷಧ ತುಂಬುವ ಕೆಲಸಕ್ಕೆ ಸಾವಂತ್ರೆವ್ವನನ್ನು ಕರೆದೆವು. ಹಳೆಯ ವಾಡೆಗಳ ಸುಣ್ಣದ ಗಾರೆ ರಿಪೇರಿ ಮಾಡುವವಳು. ಅವಳ ಕರಣೆಯ ಕೆಳಗೆ ಗೋಡೆ ಬೆಣ್ಣೆಯಾಗುತ್ತಿತ್ತು. ಮೇಡಂ ಅವಳಿಗೆ ಅಳತೆ ಹೇಳಿಕೊಟ್ಟರು: ಇಷ್ಟು ಸುಣ್ಣದ ತಿಳಿಗಂಜಿ, ಇಷ್ಟು ಜೀವಿ, ಗಾಜಿನ ನಳಿಗೆಯಿಂದ ಇಷ್ಟೇ ಹನಿ ಆಹಾರ. ಮೊದಲ ನಲವತ್ತು ದಿನ ಮೇಡಂ ಪಕ್ಕದಲ್ಲೇ ನಿಂತು ಅಳತೆ ಮಾಡಿಸಿದರು. ದಿನಾ ಬೆಳಿಗ್ಗೆ ನಾನು ಗೋಡೆ ತಟ್ಟುತ್ತಿದ್ದೆ. ನಾದದಲ್ಲಿ ಒಂದೆಳೆಯ ವ್ಯತ್ಯಾಸವೂ ಇರಲಿಲ್ಲ. ಮೇಡಂ ಬಿರುಕಿನ ಚೂರನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿ, "ಎದ್ದಾವು, ಆದ್ರ ನೆಟ್ಟಗ ನಿಂದರಾಕ ಒಲ್ಲವು," ಎಂದು ತಲೆಗೆ ಕೈ ಹಚ್ಚಿದರು.

ನಲವತ್ತೊಂದನೆಯ ದಿನ ಅವರಿಗೆ ಜ್ವರ ಬಂತು. ಹತ್ತು ದಿನ ಅಳತೆಯ ಮೇಲೆ ಕಣ್ಣಿಡುವ ಕೆಲಸ ನನ್ನ ಪಾಲಿಗೆ ಬಂತು. ಕಣ್ಣಿಟ್ಟೆ. ಆದರೆ ಹುಡುಗಿಯರು ಇಳಿಜಾರಿನಲ್ಲಿ ಕೂತು, "ಕಾಕಾ, ನೀವ್ ಒಬ್ಬರ ಸೇತುವೆ ಬೀಳೂದ್ ತಡದ ಕಥಿ ಹೇಳ್ರಿ," ಎಂದರು. ಆ ಕಥೆ ಒಂದು ದಿನದಲ್ಲಿ ಮುಗಿಯುವಂಥದ್ದಲ್ಲ.

ಜ್ವರ ಬಿಟ್ಟು ಮೇಡಂ ಬಂದಾಗ ಜಾಲಂದ್ರದ ಕಿಂಡಿಗಳ ಅಂಚಿನಲ್ಲೆಲ್ಲ ಬೆಳ್ಳಗೆ ಹೊಸ ಹಲ್ಲು ಮೂಡಿದಂತಿತ್ತು. ಕೈಬೆರಳು ಹೋಗುತ್ತಿದ್ದ ಬಿರುಕಿನಲ್ಲಿ ಈಗ ಉಗುರೂ ಹೋಗುತ್ತಿರಲಿಲ್ಲ. ನಾನು ತಟ್ಟಿದೆ. ಗೋಡೆ ಕಂಚಿನ ಹಾಗೆ ನುಡಿಯಿತು. ಆ ನಾದಕ್ಕೆ ಊರಾಚೆಯ ದನಗಳು ಕಿವಿ ನಿಮಿರಿಸಿದವೆಂದು ನಾನು ಹೇಳಿದರೆ ನೀವು ನಂಬಬೇಕು.

ಮೇಡಂಗೆ ಸಂತೋಷಕ್ಕಿಂತ ಮೊದಲು ಅನುಮಾನ ಬಂತು.

"ಸಾವಂತ್ರೆವ್ವಾ, ಇದರಾಗ ಏನ್ ಹಾಕೀರಿ? ಖರೇ ಹೇಳ್ರಿ."

"ನೀವ್ ಕೊಟ್ಟ ಔಷಧಾನ ಹಾಕೀನ್ರಿ ಅಕ್ಕಾರ."

"ಮತ್ತ?"

"ಸುಣ್ಣ."

"ಮತ್ತ?"

ಸಾವಂತ್ರೆವ್ವ ಕರಣೆಯನ್ನು ಸೆರಗಿಗೆ ಒರೆಸಿದಳು. "ಸುಣ್ಣ ಅಂದಮ್ಯಾಲೆ ಬೆಲ್ಲದ ನೀರ್ ಹಾಕ್ದ ಇರ್ತಾರೇನ್ರೀ? ಒಂದೀಟ ಬೆಲ್ಲ. ಮತ್ತ ಒಂದ್ ಕೊಡ ಹುಳಿ ಅಂಬಲಿ. ನಮ್ಮಾಯಿ ಹಾಕ್ತಿದ್ಲು, ನಮ್ಮವ್ವ ಹಾಕ್ತಿದ್ಲು. ನೀವ್ ನೋಡಿದ್ರ ಹುಳಾನ ಬಿಡ್ತೀರಿ, ಊಟ ಹನಿ ಹನಿ ಎಣಿಸಿ ಹಾಕ್ತೀರಿ. ಹಸದಾವ್ರ ಕಡೆ ಕೆಲಸ ಮಾಡಸೂದು ನನಗ ಸೇರಲಿಲ್ರಿ. ಅದಕ್ಕ ಹೊಟ್ಟಿ ತುಂಬ ಹಾಕಿದೆ."

"ಗದಿಗೆಪ್ಪ, ನೀ ಎಲ್ಲಿದ್ದಿ?"

"ಮೇಲ್ವಿಚಾರಣಿಯೊಳಗ ಇದ್ದೆ ಮೇಡಂ."

"ಸೇತುವೆ ಮ್ಯಾಲೆ ಇದ್ರು," ಎಂದಳು ಅಂಬಿಕಾ.

ಐವತ್ತು ದಿನದ ಪ್ರಯೋಗ ಕೆಟ್ಟಿತೆಂದು ಮೇಡಂ ಗಾಜಿನ ನಳಿಗೆಯನ್ನು ಜೇಬಿಗೆ ತುರುಕಿದರು. ಆಮೇಲೆ ಆ ಕೊಡದಿಂದ ಒಂದು ಲೋಟ ತೆಗೆದುಕೊಂಡು ಪ್ರಯೋಗಾಲಯಕ್ಕೆ ಹೋದರು. ಸಂಜೆ ಬಂದಾಗ ಅವರ ಮುಖವೇ ಬೇರೆಯಾಗಿತ್ತು. ಜೋಳದ ಅಂಬಲಿ ಹುಳಿಯಾಗುವಾಗ ಅದರಲ್ಲಿ ಮೊಸರಿನ ಹುಳಿಯಂಥದೇ ಒಂದು ಆಮ್ಲ ಹುಟ್ಟುತ್ತದೆ. ಆ ಆಮ್ಲ ಸುಣ್ಣದ ಜೊತೆ ಸೇರಿದರೆ ಒಂದು ಲವಣವಾಗುತ್ತದೆ. ಮೇಡಂ ಮೂರು ಬೀಗದ ಕಪಾಟಿನಿಂದ ತೆಗೆದು ನಳಿಗೆಯಲ್ಲಿ ಎಣಿಸಿ ಬಿಡುತ್ತಿದ್ದುದು ಅದೇ ಲವಣವನ್ನು. "ನಾ ಚಮಚದಾಗ ಕೊಡೂದನ್ನ ಈಕಿ ಕೊಡದಾಗ ಕೊಟ್ಟಾಳ," ಎಂದರು. "ಜಾಲಂದ್ರದಾಗ ಗಾಳಿ ಐತಿ, ಕಾಲುವಿಯೊಳಗ ತಂಪ ಐತಿ. ಊಟ ಒಂದ ಕಡಿಮಿ ಇತ್ತು."

ಈ ಅಂಬಲಿಯ ಉಪಾಯ ಮೂಲದಲ್ಲಿ ನನ್ನದೇ ಎಂದು ನಾನು ಬಹಳ ಕಡೆ ಹೇಳಿದ್ದೇನೆ. ಇದನ್ನು ಯಾರಾದರೂ ಸಾವಂತ್ರೆವ್ವನಿಗೆ ಓದಿ ಹೇಳುವ ಸಂಭವವಿರುವುದರಿಂದ ಆ ವಿಷಯಕ್ಕೆ ಹೋಗುವುದಿಲ್ಲ.

ಮರುಪರೀಕ್ಷೆಗೆ ಉಳಿದದ್ದು ಮೂವತ್ತೇಳು ದಿನ. ನೂರಾ ಹದಿನೆಂಟು ಹುಡುಗಿಯರು ಗಡಿಗೆ ಹಿಡಿದರು. ಹಿಂದಿನ ದಿನ ಜೋಳದ ಹಿಟ್ಟು ಕಲಸಿ ಇಡುವುದು, ಮರುದಿನ ಹುಳಿ ಬಂದದ್ದನ್ನು ಸುಣ್ಣಕ್ಕೆ ಬೆರೆಸುವುದು, ಜಾಲಂದ್ರದ ಕಾಲುವೆಗಳಲ್ಲಿ ಮೇಲಿನಿಂದ ಕೆಳಕ್ಕೆ ಬಿಡುವುದು. ಸೂರಿನ ಮಡಿಕೆಗಳಿಗೆ ಸಾವಂತ್ರೆವ್ವ ಹೊಟ್ಟೆಯ ಮೇಲೆ ತೆವಳಿ ಹೋಗಿ ಹಚ್ಚಿದಳು. ವೈದ್ಯಕೀಯದ ಹುಡುಗಿಯರು ಬಿರುಕಿನೊಳಗೆ ಸಿರಿಂಜಿನಿಂದ ತುಂಬಿದರು. ಇಡೀ ಆವರಣ ಹುಳಿ ವಾಸನೆಯಿಂದ ಘಮಘಮಿಸಿತು. ಊಟದ ನಂತರ ಗೋಡೆಗೆ ಕಿವಿಯಿಟ್ಟರೆ ತೇಗು ಕೇಳುತ್ತಿತ್ತು.

ಎಂಬತ್ತೆಂಟನೆಯ ದಿನ ಬೆಳಿಗ್ಗೆ ಆಯುರ್ಮಾಪಕ ನಡೆಸುವ ಆಯುಷ್ಯ ಮಂಡಳಿಯ ಪರೀಕ್ಷಕ ನಾಗಭೂಷಣ ಬಂದರು. ಮೈಸೂರು ಕಡೆಯವರು, ಮಿತಭಾಷಿ. ಹದಿನೇಳು ವರ್ಷದಿಂದ ಇದೇ ಕೆಲಸ ಮಾಡಿ ಅವರ ಮುಖವೇ ನೋಟಿಸಿನಂತಾಗಿತ್ತು. ನಾಲ್ಕು ಪಾದ ಕಚ್ಚಿಸಿ, ಡಬ್ಬಿಯನ್ನು ಹಜಾರದ ನಡುವೆ ಇಟ್ಟು, ಮಡಚುವ ಕುರ್ಚಿ ಬಿಡಿಸಿ ಕೂತರು.

ಹತ್ತು ಗಂಟೆಗೆ ಪರದೆಯ ಮೇಲೆ ಹದಿಮೂರು ಬಂತು. ಹುಡುಗಿಯರು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಹನ್ನೆರಡಕ್ಕೆ ಹದಿನೈದು. ಮೂರಕ್ಕೆ ಹತ್ತೊಂಬತ್ತು. ಮರುದಿನ ಬೆಳಿಗ್ಗೆ ಮೂವತ್ತೆಂಟು. ನಾಗಭೂಷಣ ಕನ್ನಡಕ ಒರೆಸಿದರು, ತಂತಿ ಬಿಚ್ಚಿ ಮತ್ತೆ ಹಾಕಿದರು, ಡಬ್ಬಿಯ ತಲೆಗೆ ಒಮ್ಮೆ ಗುದ್ದಿದರು. ನಲವತ್ತು.

"ಏನ್ರೀ ಇದು," ಎಂದರು ನನ್ನನ್ನು ನೋಡಿ. "ಅಂಕಿ ಇಳಿಯೋದು ನೋಡಿದೀನಿ, ನಿಲ್ಲೋದು ನೋಡಿದೀನಿ. ಏರೋದು ಇದೇ ಮೊದಲು."

ತೊಡಕು ಅಲ್ಲೇ ಇತ್ತು. ಅಂಕಿ ಇಪ್ಪತ್ತನಾಲ್ಕು ಗಂಟೆ ಕದಲದೆ ನಿಂತರೆ ಮಾತ್ರ ಯಂತ್ರ ಪ್ರಮಾಣಪತ್ರ ಕೊಡುತ್ತದೆ. ಗೋಡೆಯೊಳಗೆ ಜೀವಿಗಳು ಉಣ್ಣುತ್ತಲೇ ಇದ್ದವು, ಬೆಸೆಯುತ್ತಲೇ ಇದ್ದವು, ಅಂಕಿ ನಿಲ್ಲುತ್ತಲೇ ಇರಲಿಲ್ಲ. ಯಂತ್ರ ಮಾಡಿದವರು ಸಾಯುವ ಕಟ್ಟಡಗಳನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದರು.

ತೊಂಬತ್ತನೆಯ ದಿನ ಹನ್ನೊಂದು ಗಂಟೆಗೆ ಕುಲಪತಿಗಳು ಬಂದರು. ಹಿಂದೆ ಎರಡು ಬುಲ್ಡೋಜರು, ಒಂದು ಕ್ರೇನು, ಕಾವಲಿನವರು. ನಾಲ್ಕು ಸಾವಿರ ಜನ ಎಂದು ನಾನು ಹೇಳುತ್ತೇನೆ. ಅಂಬಿಕಾ ಇಪ್ಪತ್ತೆರಡು ಎನ್ನುತ್ತಾಳೆ.

"ಪ್ರಮಾಣಪತ್ರ ಬಂತೇನ್ರೀ?" ಎಂದು ಕುಲಪತಿಗಳು ನಾಗಭೂಷಣರನ್ನು ಕೇಳಿದರು.

"ಇಲ್ಲ ಸಾರ್. ಅಂಕಿ ಇನ್ನೂ ನಿಂತಿಲ್ಲ. ಈಗ ಐವತ್ತೇಳು."

"ನಿಂತಿಲ್ಲ ಅಂದ್ರ ಅಂಕಿ ಇಲ್ಲ. ಇಲ್ಲ ಅಂದ್ರ ಸೊನ್ನಿ. ಸೊನ್ನಿ ಅಂತ ಬರದು ಸಹಿ ಮಾಡ್ರಿ. ನಿಮ್ಮ ಮ್ಯಾಲಿನವ್ರ ಕೂಡ ನಾ ಮಾತಾಡೀನಿ."

ಅದು ನಿಜವಿತ್ತು. ಬೆಳಿಗ್ಗೆಯಿಂದ ಮೂರು ಸಲ ನಾಗಭೂಷಣರ ಫೋನು ಹೊಡೆದುಕೊಂಡಿತ್ತು. ಮೂರು ಸಲವೂ ಅವರು "ಆಯ್ತು ಸಾರ್" ಎಂದಿದ್ದರು. ಅವರ ತೊಡೆಯ ಮೇಲೆ ಫಾರ್ಮು ಇತ್ತು, ಕೈಯಲ್ಲಿ ಪೆನ್ನು ಇತ್ತು. ಒಂದು ಸೊನ್ನೆ ಬರೆಯಲು ಎಷ್ಟು ಹೊತ್ತು ಬೇಕು? ನೂರಾ ಹದಿನೆಂಟು ಟ್ರಂಕುಗಳನ್ನು ಸಂಜೆಯೊಳಗೆ ಇಳಿಜಾರಿನಲ್ಲಿ ಉರುಳಿಸಲು ಅಷ್ಟು ಸಾಕಿತ್ತು.

ಅಂಬಿಕಾ ನಿಯಮದ ಪುಸ್ತಕ ಹಿಡಿದು ಅವರ ಕುರ್ಚಿಯ ಎದುರಿಗೆ ನೆಲದ ಮೇಲೆ ಕೂತಳು. ದನಿ ಏರಿಸಲಿಲ್ಲ.

"ಸಾಹೇಬ್ರ, ಹತ್ತೊಂಬತ್ತನೇ ನಿಯಮ ಓದ್ತೀನಿ, ಕೇಳ್ರಿ. 'ಅಂಕಿ ಸ್ಥಿರವಾಗುವವರೆಗೆ ಪರೀಕ್ಷೆ ಮುಗಿದಿದೆಯೆಂದು ಭಾವಿಸತಕ್ಕದ್ದಲ್ಲ. ಪರೀಕ್ಷೆ ಮುಗಿಯದ ಕಟ್ಟಡವನ್ನು ಯಾರೂ ಕೆಡವತಕ್ಕದ್ದಲ್ಲ.' ಇದು ಯಾಕ ಬರದಾರ ಗೊತ್ತೈತೇನ್ರೀ? ಯಂತ್ರ ಒಳಗಿದ್ದಾಗ ಕಟ್ಟಡ ಕೆಡವಿ, ಯಂತ್ರ ಪುಡಿ ಆಗಬಾರದಂತ. ನಮಗಂತ ಬರದದ್ದಲ್ಲ. ಆದ್ರೂ ಬರದಾರ. ನೀವ್ ಈಗ ಹೇಳ್ರಿ, ಅಂಕಿ ನಿಂತೈತೇನು?"

"ಇಲ್ಲಮ್ಮ."

"ಹಂಗಾರ ಹಂಗ ಬರೀರಿ. ಸುಳ್ಳ ಬರೀಬ್ಯಾಡ್ರಿ."

ಕುಲಪತಿಗಳಿಗೆ ಸಿಟ್ಟು ನೆತ್ತಿಗೇರಿತು. "ಮೊದಲ ಆ ಅಂಬಲಿ ಬಂದ್ ಮಾಡ್ರಿ," ಎಂದು ಕಾವಲಿನವರಿಗೆ ಹೇಳಿದರು. "ಊಟ ನಿಂತ್ರ ಅಂಕೀನೂ ನಿಂದರ್ತದ."

ಕಾವಲಿನವರು ಗಡಿಗೆಗಳತ್ತ ಹೆಜ್ಜೆ ಹಾಕಿದರು. ಹುಡುಗಿಯರು ಕೂಗಲಿಲ್ಲ, ಕೈ ಎತ್ತಲಿಲ್ಲ. ಒಬ್ಬೊಬ್ಬಳು ಒಂದೊಂದು ಗಡಿಗೆ ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು. ಜಾಲಂದ್ರದ ಉದ್ದಕ್ಕೂ, ಇಳಿಜಾರಿನ ಉದ್ದಕ್ಕೂ, ಸೂರಿನ ಅಂಚಿನವರೆಗೆ ಸಾಲು. ಗಾಲಿಕುರ್ಚಿಯ ಹುಡುಗಿ ತೊಡೆಯ ಮೇಲೆ ಗಡಿಗೆ ಇಟ್ಟುಕೊಂಡು ಎಲ್ಲರಿಗಿಂತ ಮೇಲೆ ಇದ್ದಳು. ಕಾವಲಿನವರು ಒಂದು ಗಡಿಗೆ ಕಿತ್ತುಕೊಳ್ಳುವ ಹೊತ್ತಿಗೆ ಹತ್ತು ಗಡಿಗೆಯ ಅಂಬಲಿ ಗೋಡೆಗೆ ಇಳಿಯಿತು. ಮೆಹರುನ್ನಿಸಾ ಮೇಡಂ, ಇಪ್ಪತ್ತಾರು ವರ್ಷ ಯಾರಿಗೂ ಎದುರು ಮಾತಾಡದ ಮೇಡಂ, ಬಿಳಿ ಕೋಟಿನ ತೋಳು ಮಡಚಿ, ಒಂದು ಗಡಿಗೆಯನ್ನು ಕುಲಪತಿಗಳ ಮುಂದೆಯೇ ಕಾಲುವೆಗೆ ಸುರಿದರು.

"ಇದು ನನ್ನ ಪ್ರಯೋಗಾಲಯ ಸರ್. ಪ್ರಯೋಗ ನಡದದ. ದೂರ ಸರೀರಿ, ಬೂಟ ಒದ್ದಿ ಆಗ್ತಾವು."

ಸಾವಂತ್ರೆವ್ವ ಸೂರಿನ ಮೇಲಿಂದ ಬಗ್ಗಿ ನೋಡಿದಳು. "ಸಾಹೇಬ್ರ, ನಿಮ್ಮ ಗಾಜಿನ ಮಾಳಿಗಿಗೂ ಒಂದ್ ಗಡಗಿ ಕಳಸಲೇನು? ಅಯ್ಯ, ಅದಕ್ಕ ಕುಡ್ಯಾಕ ಬಾಯಿನ ಇಲ್ಲ ಅಲ್ಲ."

ಕಾವಲಿನವರಲ್ಲೇ ಇಬ್ಬರು ನಕ್ಕರು. ಬುಲ್ಡೋಜರಿನ ಚಾಲಕ ಎಂಜಿನ್ ಆರಿಸಿ, ಬೀಡಿ ಹಚ್ಚಿದ.

ಈ ಗದ್ದಲದಲ್ಲಿ ನಾಗಭೂಷಣ ಪರದೆಯನ್ನು ನೋಡುತ್ತಿದ್ದರು. ಐವತ್ತೆಂಟು. ಅವರು ಪೆನ್ನು ಎತ್ತಿದರು. ನಾನು ಉಸಿರು ಹಿಡಿದೆ; ಆ ಕ್ಷಣ ನಾನು ಹಿಡಿದ ಉಸಿರಿಗೆ ಆವರಣದ ಎಲೆ ಅಲುಗಲಿಲ್ಲ. ಅವರು ಬರೆದರು, ಸಹಿ ಹಾಕಿದರು, ಫಾರ್ಮನ್ನು ಕುಲಪತಿಗಳ ಕೈಗೆ ಕೊಟ್ಟರು. ಅಂಕಿಯ ಚೌಕದಲ್ಲಿ ಇದ್ದದ್ದು ಮೂರು ಶಬ್ದ: ಪರೀಕ್ಷೆ ಮುಂದುವರಿದಿದೆ. ನಿಂತಿಲ್ಲ.

"ಇದರ ಪರಿಣಾಮ ಗೊತ್ತದೇನ್ರೀ ನಿಮಗ?"

"ಗೊತ್ತು ಸಾರ್. ಹದಿನೇಳು ವರ್ಷದಿಂದ ಕಟ್ಟಡಗಳ ಸಾವಿನ ದಿನ ಬರೀತಿದೀನಿ. ಜನ ನನ್ನ ಮುಂದೇನೇ ಸಾಮಾನು ಕಟ್ಟಿದಾರೆ. ಇದೊಂದು ಏರ್ತಾ ಇದೆ. ಏರಲಿ ಬಿಡಿ." ಅವರು ಕುರ್ಚಿಯನ್ನು ಡಬ್ಬಿಯ ಪಕ್ಕಕ್ಕೆ ಎಳೆದುಕೊಂಡು ಕೂತರು. "ನಿಯಮದ ಪ್ರಕಾರ ಯಂತ್ರ ಬಿಟ್ಟು ನಾನು ಹೋಗೋ ಹಾಗಿಲ್ಲ. ಇಲ್ಲೇ ಇರ್ತೀನಿ."

ಅದಾಗಿ ಮೂರು ವರ್ಷ. ಪರೀಕ್ಷೆ ಇನ್ನೂ ಮುಗಿದಿಲ್ಲ. ಬಿರುಕು ತುಂಬಿದ ಮೇಲೆ ಅಂಕಿ ನಿಂತೀತೆಂದು ಮೇಡಂ ಹೆದರಿದ್ದರು; ಆದರೆ ಬೇಸಿಗೆಯಲ್ಲಿ ಗೋಡೆ ಹಿಗ್ಗಿ ಕೂದಲೆಳೆಯ ಬಿರುಕು ಬಿಡುತ್ತದೆ, ಅಂಬಲಿ ಕುಡಿದು ಮತ್ತೆ ಮುಚ್ಚಿಕೊಳ್ಳುತ್ತದೆ. ಅಂಕಿ ಒಮ್ಮೆ ತೊಂಬತ್ತು, ಒಮ್ಮೆ ನೂರಾ ಎರಡು. ನಾಗಭೂಷಣರಿಗೆ ಎರಡು ಸಲ ವರ್ಗಾವಣೆಯ ಆದೇಶ ಬಂತು. ಪರೀಕ್ಷೆ ಮುಗಿದ ಕೂಡಲೇ ಬರುತ್ತೇನೆಂದು ಎರಡು ಸಲವೂ ಉತ್ತರ ಕೊಟ್ಟರು. ಅಂಬಿಕಾ ವಕೀಲಿ ಸನದು ಪಡೆದು, ಈಗ ಕಾರ್ಡಿನ ಕೋಣೆಯ ಒಂದು ಮೂಲೆಯಲ್ಲೇ ಕಚೇರಿ ಇಟ್ಟಿದ್ದಾಳೆ.

ಈಗ ಊರಿನವರು ಬರತೊಡಗಿದ್ದಾರೆ. ಮೊದಲು ಬಂದವರು ಏಳರ ಅಂಕಿಯ ಶಾಲೆಯ ಹೆಡ್‌ಮಿಸ್ಟ್ರೆಸ್, ಕೈಯಲ್ಲಿ ಐದು ಲೀಟರಿನ ಕ್ಯಾನು. ಆಮೇಲೆ ಮೂರರ ಅಂಕಿಯ ಹೆರಿಗೆ ಆಸ್ಪತ್ರೆಯ ನರ್ಸುಗಳು. ಮೇಡಂ ಜೀವಿಯ ಬೀಜ ಕೊಡುತ್ತಾರೆ, ಸಾವಂತ್ರೆವ್ವ ಹದ ಕಲಿಸುತ್ತಾಳೆ, ಅಂಬಿಕಾ ಹತ್ತೊಂಬತ್ತನೆಯ ನಿಯಮದ ಪ್ರತಿ ಕೊಡುತ್ತಾಳೆ. ನಾನು ಸೇತುವೆಯ ಕಥೆ ಹೇಳುತ್ತೇನೆ. ಜಿಲ್ಲೆಯಲ್ಲಿ ಈಗ ಇನ್ನೂರ ಆರು ಕಟ್ಟಡಗಳ ಪರೀಕ್ಷೆ ಮುಗಿಯದೆ ನಡೆದಿದೆ. ನಾನಾಗಿದ್ದರೆ ಎರಡು ಲಕ್ಷ ಅನ್ನುತ್ತಿದ್ದೆ. ಆದರೆ ಇದೊಂದು ಲೆಕ್ಕವನ್ನು ಹಿಗ್ಗಿಸುವ ಅಗತ್ಯ ನನಗೆ ಕಂಡಿಲ್ಲ.

ಹೋದ ವಾರ ರಾಜಧಾನಿಯಿಂದ ಕಾಗದ ಬಂತು. ಅಂಬಲಿಯನ್ನು ಕಟ್ಟಡಗಳಿಗೆ ಉಣಿಸುವುದನ್ನು ನಿಷೇಧಿಸುವ ಪ್ರಸ್ತಾವವಿದೆ. ಗಣಕ ಭವನದ ಪರೀಕ್ಷೆ ಎಂದು ಮುಗಿಯುತ್ತದೆಂದು ಏಳು ದಿನದೊಳಗೆ ಲಿಖಿತವಾಗಿ ತಿಳಿಸಬೇಕು ಎಂದು. ಅಂಬಿಕಾ ಅದನ್ನು ಇಳಿಜಾರಿನ ಮೇಲೆ ನಿಂತು ಎಲ್ಲರಿಗೂ ಓದಿದಳು. ಉತ್ತರವನ್ನು ಅಲ್ಲೇ ಬರೆದೆವು. ನಾನು ಹನ್ನೆರಡು ಪುಟ ಹೇಳಿದೆ. ಅವಳು ಎರಡು ಸಾಲಿಗೆ ಇಳಿಸಿದಳು. ನೂರಾ ಹದಿನೆಂಟು ಸಹಿಗಳ ಕೆಳಗೆ ಮೆಹರುನ್ನಿಸಾ ಮೇಡಂ ಸಹಿ, ಸಾವಂತ್ರೆವ್ವನ ಸುಣ್ಣದ ಹೆಬ್ಬೆಟ್ಟು, ನಾಗಭೂಷಣರ ಸರಕಾರಿ ಮೊಹರು, ನನ್ನದು ಎಲ್ಲಕ್ಕಿಂತ ದೊಡ್ಡದಾಗಿ.

"ಮಾನ್ಯರೇ, ಪರೀಕ್ಷೆ ನಡೆದಿದೆ, ನಡೆಯುತ್ತಲೇ ಇರುತ್ತದೆ. ಅನುಮಾನವಿದ್ದರೆ ತಾವೇ ಬಂದು ನೋಡಿ. ಬರುವಾಗ ಒಂದು ಚೀಲ ಜೋಳ ತನ್ನಿ."